ಕಡಿಮೆ ಬೆಲೆಯ ಮದರ್‌ಬೋರ್ಡ್: ಉಳಿತಾಯ ಎಲ್ಲಿ, ನಷ್ಟ ಎಲ್ಲಿ?

ಮನೆಗೊಂದು ಕಂಪ್ಯೂಟರ್ ಬೇಕು. ಆದರೆ ಕೈಯಲ್ಲಿರುವ ಹಣ ಮಿತವಾದದ್ದು. ಅನೇಕ ವಿದ್ಯಾರ್ಥಿಗಳ ಮನೆಗಳಲ್ಲಿ ನಡೆಯುವ ಚರ್ಚೆ ಇದು. ಕಂಪನಿಯವರೇ ಜೋಡಿಸಿ ಮುಚ್ಚಿದ ಪೆಟ್ಟಿಗೆಯನ್ನು ಕೊಳ್ಳುವುದು ಒಂದು ದಾರಿ. ಭಾಗಗಳನ್ನು ಬಿಡಿಬಿಡಿಯಾಗಿ ಕೊಂಡು ನಾವೇ ಜೋಡಿಸಿಕೊಳ್ಳುವುದು, ಬಳಕೆಯ ಮಾತಿನಲ್ಲಿ ಹೇಳುವುದಾದರೆ ‘ಅಸೆಂಬಲ್’ ಮಾಡಿಕೊಳ್ಳುವುದು, ಇನ್ನೊಂದು ದಾರಿ. ಈ ಎರಡನೆಯ ದಾರಿ ಹಿಡಿದು ನೀವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬೀದಿಗೆ ಹೋದರೆ, ಅಂಗಡಿಯವರು ಬೇಗನೆ ಕೇಳುವ ಪ್ರಶ್ನೆ ಒಂದಿದೆ: “ಬೋರ್ಡ್ ಯಾವುದು ಹಾಕೋಣ?”

ಒಂದೇ ಪ್ರೊಸೆಸರನ್ನು ಕೂರಿಸಬಹುದಾದ ಎರಡು ಮದರ್‌ಬೋರ್ಡ್‌ಗಳ ನಡುವೆ ಬೆಲೆಯಲ್ಲಿ ಎರಡು ಮೂರು ಪಟ್ಟು ಅಂತರ ಇರುವುದುಂಟು. ಅಗ್ಗದ್ದನ್ನು ಕೊಂಡರೆ ಕಂಪ್ಯೂಟರ್ ನಿಧಾನವಾಗುವುದೇ? ಬೇಗ ಕೆಡುವುದೇ? ಅಥವಾ ದುಬಾರಿ ಬೋರ್ಡ್‌ಗೆ ತೆರುವ ಹಣವೇ ದಂಡವೇ? ಪರದೆಯ ಮೇಲೆ ಕ್ಷಣದಲ್ಲಿ ಹಾದುಹೋಗುವ ಇಂಥ ವಿಷಯವನ್ನು ಇಲ್ಲಿ ಸಾವಕಾಶವಾಗಿ, ಲೆಕ್ಕ ಹಾಕಿ ನೋಡೋಣ.

ಮದರ್‌ಬೋರ್ಡ್ ಮಾಡುವ ಕೆಲಸವೇನು?

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಮದರ್‌ಬೋರ್ಡ್ ಲೆಕ್ಕ ಮಾಡುವುದಿಲ್ಲ. ಲೆಕ್ಕ ಮಾಡುವುದು ಪ್ರೊಸೆಸರ್. ಆ ಲೆಕ್ಕಕ್ಕೆ ಬೇಕಾದ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವುದು ರ‍್ಯಾಮ್. ಶಾಶ್ವತವಾಗಿ ಕಾಪಿಡುವುದು ಡಿಸ್ಕ್ ಅಥವಾ ಎಸ್.ಎಸ್.ಡಿ. ಇವೆಲ್ಲವನ್ನೂ ಒಂದಕ್ಕೊಂದು ಸೇರಿಸುವ ತಾಮ್ರದ ದಾರಿಗಳು, ಇವುಗಳಿಗೆ ತಕ್ಕ ವೋಲ್ಟೇಜಿನ ವಿದ್ಯುತ್ತನ್ನು ಹಂಚುವ ವ್ಯವಸ್ಥೆ, ಹೊರಗಿನ ಕೀಲಿಮಣೆ, ಮೌಸ್, ಪರದೆ, ಜಾಲಸಂಪರ್ಕಗಳಿಗೆ ಕಿಂಡಿಗಳು: ಇಷ್ಟೇ ಮದರ್‌ಬೋರ್ಡ್.

ಊರಿನ ಹೋಲಿಕೆ ಕೊಡುವುದಾದರೆ ಬೋರ್ಡ್ ಎಂಬುದು ರಸ್ತೆ ಮತ್ತು ವಿದ್ಯುತ್ ತಂತಿ, ಕಾರ್ಖಾನೆ ಅಲ್ಲ. ರಸ್ತೆ ಎಂಟು ಪಥದ್ದಾದ ಮಾತ್ರಕ್ಕೆ ಕಾರ್ಖಾನೆಯ ಉತ್ಪಾದನೆ ಹೆಚ್ಚುವುದಿಲ್ಲ. ಆದರೆ ರಸ್ತೆ ತೀರ ಕಿರಿದಾಗಿದ್ದರೆ, ತಂತಿ ತೆಳುವಾಗಿದ್ದರೆ ಕಾರ್ಖಾನೆ ಸೊರಗುತ್ತದೆ.

ಭಾಗಗಳನ್ನು ಬೇರೆ ಬೇರೆ ತಯಾರಕರಿಂದ ಕೊಂಡು ಜೋಡಿಸುವುದು ಸಾಧ್ಯವಾದದ್ದಕ್ಕೆ ಒಂದು ಚರಿತ್ರೆ ಇದೆ. 1981ರಲ್ಲಿ ಐ.ಬಿ.ಎಂ. ತನ್ನ ಪಿ.ಸಿ.ಯನ್ನು ಹೊರತಂದಾಗ ಅದರ ಬೋರ್ಡ್‌ನಲ್ಲಿ ಐದು ವಿಸ್ತರಣಾ ಸ್ಲಾಟ್‌ಗಳಿದ್ದವು. ಅದರ ತಾಂತ್ರಿಕ ವಿವರಗಳೂ ಪುಸ್ತಕರೂಪದಲ್ಲಿ ಪ್ರಕಟವಾದವು. ಹೀಗಾಗಿ ಇತರರೂ ಅದಕ್ಕೆ ಹೊಂದುವ ಕಾರ್ಡ್‌ಗಳನ್ನು ಮಾಡಿದರು. 1995ರಲ್ಲಿ ಇಂಟೆಲ್ ‘ಎಟಿಎಕ್ಸ್’ ಎಂಬ ಅಳತೆಯನ್ನು ನಿಗದಿಮಾಡಿತು. ಬೋರ್ಡ್‌ನ ಉದ್ದ ಅಗಲ, ಸ್ಕ್ರೂ ತೂತುಗಳ ಸ್ಥಾನ, ವಿದ್ಯುತ್ ಕನೆಕ್ಟರಿನ ಆಕಾರ ಎಲ್ಲವೂ ಅದರಲ್ಲಿ ಗೊತ್ತುಪಡಿಸಲಾಗಿತ್ತು. ಎಟಿಎಕ್ಸ್ ಬೋರ್ಡ್ 30.5 ಸೆಂಟಿಮೀಟರ್ ಉದ್ದ, 24.4 ಸೆಂಟಿಮೀಟರ್ ಅಗಲ. 1997ರಲ್ಲಿ ಬಂದ ‘ಮೈಕ್ರೊ ಎಟಿಎಕ್ಸ್’ 24.4 ಸೆಂಟಿಮೀಟರಿನ ಚೌಕ. ಅಲ್ಲಿಯವರೆಗೆ ಮಾತ್ರ ಚಾಚಿಕೊಳ್ಳಬಹುದು, ಇನ್ನೂ ಕಿರಿದಾಗಿಯೂ ಇರಬಹುದು. ಅಗ್ಗದ ಬೋರ್ಡ್‌ಗಳಲ್ಲಿ ಬಹುಪಾಲು ಈ ಎರಡನೆಯ ಅಳತೆಯವೇ.

ಬೆಲೆ ಇಳಿಯುವುದು ಎಲ್ಲಿ?

ತಯಾರಕರು ಬೆಲೆ ಇಳಿಸುವ ಜಾಗಗಳನ್ನು ನಾಲ್ಕಾಗಿ ಗುರುತಿಸಬಹುದು.

ಒಂದು, ಚಿಪ್‌ಸೆಟ್. ಪ್ರೊಸೆಸರಿನೊಡನೆ ಸೇರಿ ಡಿಸ್ಕ್, ಯು.ಎಸ್.ಬಿ. ಮುಂತಾದ ಸಂಪರ್ಕಗಳನ್ನು ನೋಡಿಕೊಳ್ಳುವ ಚಿಪ್ ಇದು. ಎ.ಎಂ.ಡಿ.ಯ ಎ520, ಇಂಟೆಲ್‌ನ ಎಚ್610 ಇವು ಆಯಾ ತಲೆಮಾರಿನ ಕೆಳಮೆಟ್ಟಿಲಿನ ಚಿಪ್‌ಸೆಟ್‌ಗಳು. ಇವುಗಳಲ್ಲಿ ಸಂಪರ್ಕಗಳ ಸಂಖ್ಯೆ ಕಡಿಮೆ. ಪ್ರೊಸೆಸರನ್ನು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚು ಓಡಿಸುವ ‘ಓವರ್‌ಕ್ಲಾಕಿಂಗ್’ ಸೌಲಭ್ಯ ಇಲ್ಲ.

ಎರಡು, ಸ್ಲಾಟ್ ಮತ್ತು ಕಿಂಡಿಗಳ ಸಂಖ್ಯೆ. ನಾಲ್ಕರ ಬದಲು ಎರಡು ರ‍್ಯಾಮ್ ಸ್ಲಾಟ್, ಎರಡು ಮೂರರ ಬದಲು ಎಸ್.ಎಸ್.ಡಿ.ಗೆ ಒಂದೇ ‘ಎಂ.2’ ಸ್ಲಾಟ್, ಹಿಂಬದಿಯಲ್ಲಿ ಕಡಿಮೆ ಯು.ಎಸ್.ಬಿ. ಕಿಂಡಿಗಳು.

ಮೂರು, ಹಲಗೆಯ ಪದರಗಳು. ಬರಿಗಣ್ಣಿಗೆ ಒಂದೇ ಹಲಗೆಯಾಗಿ ಕಂಡರೂ ಒಳಗೆ ತಾಮ್ರದ ಹಲವು ಪದರಗಳಿರುತ್ತವೆ. ಅಗ್ಗದ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು, ದುಬಾರಿಯವುಗಳಲ್ಲಿ ಆರು ಅಥವಾ ಎಂಟು.

ನಾಲ್ಕು, ಪ್ರೊಸೆಸರಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ. ಇದಕ್ಕೆ ವಿ.ಆರ್.ಎಂ. ಎನ್ನುತ್ತಾರೆ. ಅಗ್ಗದ ಬೋರ್ಡ್‌ಗಳಲ್ಲಿ ಇದರ ಕವಲುಗಳು ಕಡಿಮೆ. ಮೇಲೆ ಶಾಖ ಹೀರುವ ಅಲ್ಯೂಮಿನಿಯಂ ತುಂಡು ಇಲ್ಲದಿರುವುದೂ ಉಂಟು.

ಮೊದಲೆರಡು ಜಾಗಗಳ ಉಳಿತಾಯ ನಿಮಗೆ ನಷ್ಟವೇ ಅಲ್ಲವೇ ಎಂಬುದು ನಿಮ್ಮ ಬಳಕೆಯನ್ನು ಅವಲಂಬಿಸಿದೆ. ಕೊನೆಯದು ಹಾಗಲ್ಲ, ಅಲ್ಲಿ ಎಚ್ಚರ ಬೇಕು. ಉದಾಹರಣೆಯೊಂದಿಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಒಂದು ಜೋಡಿಯ ಉದಾಹರಣೆ

2020ರಲ್ಲಿ ಬಂದ ಎ520 ಬೋರ್ಡ್‌ನ ಜೊತೆಗೆ 2021ರ ರೈಜನ್ 5 5600ಜಿ ಪ್ರೊಸೆಸರನ್ನು ಇಟ್ಟುಕೊಳ್ಳೋಣ. ಅಂಗಡಿಯಲ್ಲಿ ನಿಮಗೆ ಬೇರೆ ಹೆಸರು, ಬೇರೆ ಸಂಖ್ಯೆಗಳು ಕಾಣಬಹುದು. ಹೋಲಿಸುವ ಕ್ರಮ ಮಾತ್ರ ಇದೇ. ಈ ಪ್ರೊಸೆಸರಿನಲ್ಲಿ ಆರು ಕೋರ್‌ಗಳಿವೆ. ಚಿತ್ರವನ್ನು ಪರದೆಗೆ ಕಳಿಸುವ ಗ್ರಾಫಿಕ್ಸ್ ಭಾಗವೂ ಅದರೊಳಗೇ ಇದೆ. ಆದ್ದರಿಂದ ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕಿಲ್ಲ. ತಂಪುಮಾಡುವ ಫ್ಯಾನ್ ಕೂಡ ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಬರುತ್ತದೆ.

ಎ520ಕ್ಕಿಂತ ಒಂದು ಮೆಟ್ಟಿಲು ಮೇಲಿನದು ಅದೇ ವರ್ಷದ ಬಿ550. ಬಿ550ರ ಮುಖ್ಯ ಹೆಚ್ಚುಗಾರಿಕೆ ಎಂದರೆ ‘ಪಿಸಿಐ ಎಕ್ಸ್‌ಪ್ರೆಸ್’ ಎಂಬ ಒಳದಾರಿಯ ನಾಲ್ಕನೆಯ ತಲೆಮಾರು. ಎ520ಯಲ್ಲಿ ಮೂರನೆಯ ತಲೆಮಾರಿನವರೆಗೆ ಮಾತ್ರ. ನಾಲ್ಕನೆಯದರ ವೇಗ ಮೂರನೆಯದರ ಎರಡರಷ್ಟು. ಇದನ್ನು ಕೇಳಿದ ಕೂಡಲೆ ಬಿ550 ಕೊಳ್ಳಬೇಕೆನಿಸುವುದು ಸಹಜ. ಆದರೆ ಗಮನಿಸಿ: 5600ಜಿ ಪ್ರೊಸೆಸರ್ ತಾನೇ ಮೂರನೆಯ ತಲೆಮಾರಿಗೆ ನಿಲ್ಲುತ್ತದೆ. ಅದನ್ನು ಬಿ550 ಮೇಲೆ ಕೂರಿಸಿದರೂ ಅದರಿಂದ ಹೊರಡುವ ದಾರಿಗಳ ವೇಗ ಹೆಚ್ಚುವುದಿಲ್ಲ. ಅಂದರೆ ಈ ಜೋಡಿಯಲ್ಲಿ ಅಗ್ಗದ ಬೋರ್ಡ್ ನಿಮ್ಮಿಂದ ಕಿತ್ತುಕೊಂಡದ್ದು ನೀವು ಬಳಸಲಾಗದ ವಸ್ತುವನ್ನೇ! ಮನೆಪಾಠ, ಪ್ರೋಗ್ರಾಮಿಂಗ್ ಅಭ್ಯಾಸ, ಬರವಣಿಗೆ, ವಿಡಿಯೊ ಪಾಠ ಇವುಗಳಲ್ಲಿ ಎರಡೂ ಬೋರ್ಡ್‌ಗಳ ನಡುವೆ ನಿಮಗೆ ವ್ಯತ್ಯಾಸ ಕಾಣದು.

ಪ್ರೊಸೆಸರಿನ ಹೆಸರಿನ ಕೊನೆಯ ಅಕ್ಷರವನ್ನೂ ಓದಿ. 5600ಜಿ ಎಂಬುದರಲ್ಲಿ ‘ಜಿ’ ಇದೆ. ಅದು ಗ್ರಾಫಿಕ್ಸ್ ಇರುವುದರ ಗುರುತು. ‘ಜಿ’ ಇಲ್ಲದ ಬರೀ 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಇಂಥ ಪ್ರೊಸೆಸರನ್ನು ಕೂರಿಸಿದರೆ ಬೋರ್ಡ್‌ನ ಹಿಂಬದಿಯಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಗ್ರಾಫಿಕ್ಸ್ ಕಾರ್ಡ್‌ಗೆ ಸಾವಿರಾರು ರೂಪಾಯಿ ತೆರಬೇಕಾದೀತು.

ವಿದ್ಯುತ್ತಿನ ಲೆಕ್ಕ

ಭೌತಶಾಸ್ತ್ರದ ಪಾಠದಲ್ಲಿ ನೀವು ಕಲಿತ ಸೂತ್ರ ನೆನಪಿದೆಯೇ? ವಿದ್ಯುತ್ ಸಾಮರ್ಥ್ಯ ಎಂದರೆ ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧ. ಎಸ್.ಎಂ.ಪಿ.ಎಸ್. ಬೋರ್ಡ್‌ಗೆ 12 ವೋಲ್ಟ್ ಕಳಿಸುತ್ತದೆ. ಪ್ರೊಸೆಸರಿಗೆ ಬೇಕಾದದ್ದು ಸುಮಾರು 1.25 ವೋಲ್ಟ್. 5600ಜಿ 65 ವಾಟ್ ವರ್ಗದ್ದು. 65ನ್ನು 1.25ರಿಂದ ಭಾಗಿಸಿದರೆ 52. ಅಂದರೆ ಅಂಗೈಗಿಂತ ಚಿಕ್ಕದಾದ ಜಾಗದಲ್ಲಿ 52 ಆಂಪೇರ್ ಪ್ರವಾಹ ಹರಿಯಬೇಕು! ನಿಮ್ಮ ಮನೆಯಲ್ಲಿ ಗೀಸರಿಗೆ ಹಾಕಿಸಿದ ದೊಡ್ಡ ಸಾಕೆಟ್ 16 ಆಂಪೇರಿನದು. ಇದು ಅದರ ಮೂರು ಪಟ್ಟಿಗಿಂತ ಹೆಚ್ಚು. ವೋಲ್ಟೇಜ್ ತೀರ ಕಡಿಮೆಯಾದ್ದರಿಂದ ಇದು ಮುಟ್ಟಿದರೆ ಹೊಡೆಯುವಂಥದಲ್ಲ. ಆದರೆ ಪ್ರವಾಹ ಹೆಚ್ಚಾದ್ದರಿಂದ ಶಾಖ ತಪ್ಪಿದ್ದಲ್ಲ.

ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 52 ಆಂಪೇರೂ ಒಂದೇ ಕವಲಿನಲ್ಲಿ ಹರಿದರೆ 52ರ ವರ್ಗ 2704. ಅದನ್ನೇ ನಾಲ್ಕು ಕವಲುಗಳಿಗೆ ಹಂಚಿದರೆ ಒಂದೊಂದರಲ್ಲಿ 13 ಆಂಪೇರ್. 13ರ ವರ್ಗ 169. ನಾಲ್ಕೂ ಸೇರಿ 676. ಪ್ರತಿ ಕವಲಿನ ರೋಧ ಒಂದೇ ಎಂದಿಟ್ಟುಕೊಂಡರೆ ಶಾಖ ಕಾಲು ಭಾಗಕ್ಕೆ ಇಳಿಯಿತು. ದುಬಾರಿ ಬೋರ್ಡ್‌ಗಳಲ್ಲಿ ಕವಲುಗಳನ್ನು ಹೆಚ್ಚಿಸುವುದು ಈ ಕಾರಣಕ್ಕೆ.

65 ವಾಟ್ ಎಂಬುದು ವರ್ಗದ ಹೆಸರು, ಇಂಥ ಎ.ಎಂ.ಡಿ. ಪ್ರೊಸೆಸರುಗಳಿಗೆ ಭಾರದ ಕೆಲಸದಲ್ಲಿ 88 ವಾಟ್‌ವರೆಗೂ ಎಳೆಯಲು ಅವಕಾಶವಿದೆ. ಒಳ್ಳೆಯ ತಯಾರಕರ ಅಗ್ಗದ ಬೋರ್ಡ್ ಇದನ್ನು ಸಹಿಸಬಲ್ಲದು. ಆದರೆ 105 ವಾಟ್ ವರ್ಗದವು 142 ವಾಟ್‌ವರೆಗೆ ಎಳೆಯುತ್ತವೆ. ಪ್ರವಾಹ 113 ಆಂಪೇರ್ ದಾಟುತ್ತದೆ. ಅಂಥದನ್ನು ಬರಿಮೈಯ ವಿ.ಆರ್.ಎಂ. ಇರುವ ಬೋರ್ಡ್ ಮೇಲೆ ಕೂರಿಸಿದರೆ, ಬೋರ್ಡ್ ಬಿಸಿಯಾಗಿ ತನ್ನ ರಕ್ಷಣೆಗಾಗಿ ಪ್ರೊಸೆಸರಿನ ವೇಗವನ್ನು ತಗ್ಗಿಸುತ್ತದೆ. ನೀವು ಹಣ ಕೊಟ್ಟ ವೇಗ ನಿಮಗೆ ದಕ್ಕುವುದಿಲ್ಲ. ಆದ್ದರಿಂದ ನಿಯಮ ಇಷ್ಟು: ಅಗ್ಗದ ಬೋರ್ಡ್‌ಗೆ 65 ವಾಟ್ ವರ್ಗದ ಪ್ರೊಸೆಸರ್.

ರ‍್ಯಾಮ್ ಒಂದೋ, ಎರಡೋ?

16 ಗಿಗಾಬೈಟ್ ರ‍್ಯಾಮ್ ಬೇಕೆಂದಿಟ್ಟುಕೊಳ್ಳಿ. 16ರದು ಒಂದು ಕೊಳ್ಳಬಹುದು, ಇಲ್ಲವೇ 8ರವು ಎರಡು. ಮೊತ್ತ ಒಂದೇ ಆದರೂ ಫಲ ಬೇರೆ. ‘ಡಿಡಿಆರ್4 3200’ ಎಂಬ ರ‍್ಯಾಮ್ ಸೆಕೆಂಡಿಗೆ 320 ಕೋಟಿ ಬಾರಿ, ಪ್ರತಿ ಬಾರಿ 8 ಬೈಟ್‌ನಂತೆ ಮಾಹಿತಿ ಸಾಗಿಸುತ್ತದೆ: ಸೆಕೆಂಡಿಗೆ 25.6 ಗಿಗಾಬೈಟ್. ಎರಡು ಪಟ್ಟಿಗಳನ್ನು ಎರಡು ಪ್ರತ್ಯೇಕ ದಾರಿಗಳಲ್ಲಿ ಕೂರಿಸಿದರೆ ಇದು 51.2 ಗಿಗಾಬೈಟ್ ಆಗುತ್ತದೆ. 5600ಜಿಯಂಥ ಪ್ರೊಸೆಸರಿನ ಗ್ರಾಫಿಕ್ಸ್‌ಗೆ ಸ್ವಂತ ಸ್ಮೃತಿ ಇಲ್ಲ. ಅದು ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಆದ್ದರಿಂದ ಒಂದೇ ಪಟ್ಟಿ ಹಾಕಿದಾಗ ಮೊದಲು ಸೊರಗುವುದು ಚಿತ್ರಗಳ ವೇಗ.

ಆದರೆ ಎರಡೇ ಸ್ಲಾಟ್ ಇರುವ ಬೋರ್ಡ್‌ನಲ್ಲಿ ಎರಡನ್ನೂ ತುಂಬಿಸಿಬಿಟ್ಟರೆ ಮುಂದೆ ಹೆಚ್ಚಿಸಲು ಹಳೆಯದನ್ನು ತೆಗೆಯಲೇಬೇಕು. ಸ್ಲಾಟ್ ಕಡಿಮೆ ಇರುವುದರ ನಿಜವಾದ ಬೆಲೆ ಇದು: ಇಂದಿನ ವೇಗದಲ್ಲಿ ಅಲ್ಲ, ನಾಳಿನ ಆಯ್ಕೆಯಲ್ಲಿ ಕೊಡುವ ಬೆಲೆ. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಸಂಪರ್ಕಬಿಂದುಗಳೇ ಇದ್ದರೂ ನಡುವಿನ ಕಚ್ಚಿನ ಸ್ಥಾನ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಎಸ್.ಎಸ್.ಡಿ. ವಿಷಯದಲ್ಲೂ ಇಂಥ ಎಚ್ಚರ ಬೇಕು. ಎಂ.2 ಆಕಾರದ ಎಸ್.ಎಸ್.ಡಿ.ಗಳಲ್ಲಿ ಎರಡು ಜಾತಿ. ಸಾಟಾ ಜಾತಿಯದು ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದುತ್ತದೆ. ಎನ್‌ವಿಎಂಇ ಜಾತಿಯದು ಮೂರನೆಯ ತಲೆಮಾರಿನ ದಾರಿಯಲ್ಲೂ ಮೂರು ಸಾವಿರ ಮೆಗಾಬೈಟ್ ಮುಟ್ಟಬಲ್ಲದು. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಬೋರ್ಡ್‌ನ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಎಂದು ಕೈಪಿಡಿಯಲ್ಲಿ ಓದಿಕೊಂಡು ಕೊಳ್ಳಿ.

‘ಹೊಸ’ ಬೋರ್ಡ್ ಎಷ್ಟು ಹೊಸದು?

ಹೊಸ ಪೆಟ್ಟಿಗೆ, ಹೊಸ ಮುದ್ರೆ, ಆಶ್ಚರ್ಯವಾಗುವಷ್ಟು ಕಡಿಮೆ ಬೆಲೆ: ಇಂಥ ಬೋರ್ಡ್ ಎದುರಾದರೆ ಮೊದಲು ಚಿಪ್‌ಸೆಟ್ಟಿನ ಹೆಸರು ಓದಿ. ಉದಾಹರಣೆಗೆ ಎಚ್61 ಎಂಬುದು 2011ರ ಚಿಪ್‌ಸೆಟ್. ಅದು ಕೆಲಸ ಮಾಡುವುದಿಲ್ಲವೆಂದಲ್ಲ. ಆದರೆ ಅದರ ಡಿಸ್ಕ್ ಸಂಪರ್ಕದ ವೇಗ ನಂತರದವುಗಳ ಅರ್ಧ. ಅದರ ಮೇಲೆ ಕೂರುವ ಪ್ರೊಸೆಸರುಗಳೂ ಆ ಕಾಲದವೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ ‘ಟಿಪಿಎಂ 2.0’ ಎಂಬ ಭದ್ರತಾ ವ್ಯವಸ್ಥೆ, ಹಾಗೂ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್ ಎರಡೂ ಇರಬೇಕು. 2011ರ ಪ್ರೊಸೆಸರುಗಳು ಆ ಪಟ್ಟಿಯಲ್ಲಿಲ್ಲ. ಲಿನಕ್ಸ್ ಬಳಸುವವರಿಗೆ ಮಾತ್ರ ಈ ತೊಡಕಿಲ್ಲ. ಅದು ಉಚಿತ, ಯೂನಿಕೋಡ್ ಕನ್ನಡವೂ ಅದರಲ್ಲಿ ಸರಾಗ.

ನಮ್ಮ ಉದಾಹರಣೆಯ ಜೋಡಿಗೂ ಒಂದು ಮಿತಿ ಇದೆ, ಅದನ್ನು ಮರೆಮಾಚಬಾರದು. ಅದರ ಸಾಕೆಟ್ಟಿನ ಹೆಸರು ಎಎಂ4. 2022ರಲ್ಲಿ ಎ.ಎಂ.ಡಿ. ಎಎಂ5 ಎಂಬ ಹೊಸ ಸಾಕೆಟ್ಟನ್ನು ತಂದಿತು. ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ಎಎಂ4 ಕೊಂಡವರು ಮುಂದೆ ಅದೇ ಸಾಕೆಟ್ಟಿನ ಎಂಟು ಕೋರ್ ಪ್ರೊಸೆಸರಿಗೆ ಏರಬಹುದು. ಹೊಸ ತಲೆಮಾರಿಗೆ ಹೋಗಬೇಕಾದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸಬೇಕು. ನಾಲ್ಕೈದು ವರ್ಷದ ಓದಿಗೆ ಈ ಯಂತ್ರ ಸಾಕೆನ್ನುವವರಿಗೆ ಇದು ಕೊರತೆಯಲ್ಲ. ವರ್ಷ ವರ್ಷ ಒಂದೊಂದು ಭಾಗ ಬದಲಿಸುತ್ತ ಹೋಗುವೆನೆಂಬುವರಿಗೆ ಕೊರತೆಯೇ.

ಇನ್ನೊಂದು ಸೂಕ್ಷ್ಮವಿದೆ. ಬೋರ್ಡ್ ಮೊದಲು ತಯಾರಾಗಿ, ಪ್ರೊಸೆಸರ್ ಆಮೇಲೆ ಬಂದಿದ್ದರೆ, ಸಾಕೆಟ್ ಹೊಂದಿದರೂ ಬೋರ್ಡ್‌ನ ಒಳಗಿನ ಬಯಾಸ್ ತಂತ್ರಾಂಶಕ್ಕೆ ಆ ಪ್ರೊಸೆಸರಿನ ಪರಿಚಯ ಇರದಿರಬಹುದು. ಗೋದಾಮಿನಲ್ಲಿ ಬಹಳ ದಿನ ಉಳಿದ ಬೋರ್ಡ್‌ಗಳಲ್ಲಿ ಇದು ಸಂಭವ. ತಯಾರಕರ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರಿನ ಹೆಸರು, ಅದಕ್ಕೆ ಬೇಕಾದ ಬಯಾಸ್ ಆವೃತ್ತಿ ಎರಡನ್ನೂ ನೋಡಿ. ಬೇಕಾದರೆ ಅಂಗಡಿಯಲ್ಲೇ ಬಯಾಸನ್ನು ನವೀಕರಿಸಿ ಕೊಡುವಂತೆ ಕೇಳಿ.

ಜೋಡಿಸುವ ಕ್ರಮ

ಆತುರ ಬೇಡ. ಮರದ ಮೇಜು, ಒಳ್ಳೆಯ ಬೆಳಕು, ಒಂದು ಸ್ಕ್ರೂಡ್ರೈವರ್ ಸಾಕು. ಸ್ಥಿರವಿದ್ಯುತ್ತಿನ ಬಗೆಗೆ ಎಚ್ಚರವಿರಲಿ. ಮೈಯಲ್ಲಿ ಸೇರಿಕೊಂಡ ಸ್ಥಿರವಿದ್ಯುತ್ ಚುರುಕ್ ಎಂದು ನಿಮಗೆ ತಿಳಿಯಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಚಿಪ್‌ಗಳು ಅದಕ್ಕಿಂತ ಬಹಳ ಕಡಿಮೆಯಲ್ಲೇ ಹಾಳಾಗಬಹುದು. ಕೆಲಸದ ನಡುವೆ ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ಬೋರ್ಡನ್ನು ಅಂಚು ಹಿಡಿದೇ ಎತ್ತಿ.

ಮೊದಲು ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಸಾಕೆಟ್ಟಿನ ಸನ್ನೆಯನ್ನು ಮೇಲೆತ್ತಿ, ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಳಿಸಿ. ಎಎಂ4 ಪ್ರೊಸೆಸರಿಗೆ 1331 ಸೂಕ್ಷ್ಮ ಪಿನ್ನುಗಳಿವೆ. ಸರಿಯಾಗಿ ಇಟ್ಟರೆ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಒತ್ತಿದರೆ ಪಿನ್ನು ಬಾಗುತ್ತದೆ. ಸನ್ನೆ ಇಳಿಸಿದ ಮೇಲೆ ಎಸ್.ಎಸ್.ಡಿ., ರ‍್ಯಾಮ್, ಕೊನೆಗೆ ಫ್ಯಾನ್. ರ‍್ಯಾಮ್ ‘ಟಕ್’ ಎಂದು ಕೂರುವವರೆಗೆ ಒತ್ತಬೇಕು. ಫ್ಯಾನಿನ ಅಡಿಯಲ್ಲಿ ಥರ್ಮಲ್ ಪೇಸ್ಟ್ ಮೊದಲೇ ಬಳಿದಿದ್ದರೆ ಮತ್ತೆ ಬಳಿಯಬೇಡಿ.

ಈಗ 24 ಪಿನ್ನಿನ ದೊಡ್ಡ ಕನೆಕ್ಟರ್, ಪ್ರೊಸೆಸರಿನ ಪಕ್ಕದ 4 ಅಥವಾ 8 ಪಿನ್ನಿನ ಕನೆಕ್ಟರ್ ಎರಡನ್ನೂ ಹಾಕಿ, ಪರದೆ ಸೇರಿಸಿ, ಅಲ್ಲೇ ಚಾಲೂ ಮಾಡಿ ನೋಡಿ. ಬಯಾಸ್ ಪುಟ ಕಂಡರೆ ಅರ್ಧ ಗೆದ್ದಂತೆ. ಬಳಿಕ ಎಸ್.ಎಂ.ಪಿ.ಎಸ್. ತಂತಿಯನ್ನು ಗೋಡೆಯಿಂದ ಕಿತ್ತು, ಬೋರ್ಡನ್ನು ಕ್ಯಾಬಿನೆಟ್ಟಿಗೆ ಇಳಿಸಿ. ಹಿಂಬದಿಯ ಕಿಂಡಿಗಳ ತಗಡನ್ನು ಮೊದಲೇ ಕೂರಿಸಿ. ಬೋರ್ಡ್ ನಿಲ್ಲುವ ಹಿತ್ತಾಳೆಯ ಗಿಡ್ಡ ಕಂಬಗಳು ಸ್ಕ್ರೂ ತೂತುಗಳ ಕೆಳಗೆ ಮಾತ್ರ ಇರಲಿ. ಬೇರೆಡೆ ಇದ್ದರೆ ಶಾರ್ಟ್ ಆದೀತು.

ಪರದೆ ಕಪ್ಪಾಗಿದ್ದರೆ ಗಾಬರಿ ಬೇಡ. ಪ್ರೊಸೆಸರಿನ ಪಕ್ಕದ ಕನೆಕ್ಟರ್ ಮರೆತಿರಬಹುದು. ರ‍್ಯಾಮ್ ಅರ್ಧ ಕೂತಿರಬಹುದು. ಒಂದೇ ಪಟ್ಟಿ ಹಾಕಿ ನೋಡಿ. ಮತ್ತೂ ಆಗದಿದ್ದರೆ ವಿದ್ಯುತ್ ಕಿತ್ತು, ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ.

ಉಳಿಸಬಾರದ ಜಾಗ

ಬೋರ್ಡ್‌ನಲ್ಲಿ ಉಳಿಸಿದ ಹಣದ ಒಂದು ಪಾಲನ್ನು ಒಳ್ಳೆಯ ಎಸ್.ಎಂ.ಪಿ.ಎಸ್.ಗೆ ತೆಗೆದಿಡಿ. ಗೋಡೆಯ 230 ವೋಲ್ಟ್ ಪರ್ಯಾಯ ವಿದ್ಯುತ್ ಅದರೊಳಗೆ ಸುಮಾರು 325 ವೋಲ್ಟ್ ನೇರ ವಿದ್ಯುತ್ ಆಗಿ, ಅನಂತರ ಇಳಿಯುತ್ತದೆ. ಅದು ಕಳಪೆಯಾದರೆ ಕೆಡುವಾಗ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು. ಅದರ ಪೆಟ್ಟಿಗೆಯನ್ನು ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಮೂರು ಪಿನ್ನಿನ ಸಾಕೆಟ್‌ಗೆ ನಿಜವಾದ ಅರ್ಥಿಂಗ್ ಇದೆಯೇ ಎಂದು ತಿಳಿದವರಿಂದ ಪರೀಕ್ಷಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುವುದು ಅರ್ಥಿಂಗ್ ಇಲ್ಲದಿರುವುದರ ಸಾಮಾನ್ಯ ಲಕ್ಷಣ. ಕರೆಂಟು ಪದೇ ಪದೇ ಹೋಗುವ ಊರಿನವರಾದರೆ ಯು.ಪಿ.ಎಸ್. ಕೂಡ ಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಆದರೆ ಚಾಚುವ ಮುನ್ನ ಹಾಸಿಗೆಯ ಅಳತೆ ಗೊತ್ತಿರಬೇಕಷ್ಟೆ. ಆ ಅಳತೆ ನಿಮಗೆ ಸಿಗುವುದು ಜಾಹೀರಾತಿನಲ್ಲಿ ಅಲ್ಲ. ಬೋರ್ಡ್‌ನ ಕೈಪಿಡಿಯಲ್ಲಿ, ನಿಮ್ಮ ಪಠ್ಯಪುಸ್ತಕದ ಸೂತ್ರದಲ್ಲಿ. ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣವನ್ನು ನಿಮ್ಮ ಮಾತಿನ ಮೇಲೆ ಖರ್ಚು ಮಾಡುವಾಗ, ‘ಇದು ಏಕೆ, ಅದು ಏಕಲ್ಲ’ ಎಂದು ಅವರಿಗೆ ವಿವರಿಸಲು ಬಂದರೆ ಯಂತ್ರ ಮನೆಗೆ ಬರುವ ಮೊದಲೇ ನಿಮ್ಮ ಕಲಿಕೆ ಆರಂಭವಾಗಿರುತ್ತದೆ.

ಯೋಚಿಸಿ ಉತ್ತರಿಸಿ

1. ಪ್ರೊಸೆಸರಿಗೆ 1.1 ವೋಲ್ಟ್ ಸಾಕು, ಅದು 88 ವಾಟ್ ಎಳೆಯುತ್ತದೆ ಎಂದಾದರೆ ಪ್ರವಾಹ ಎಷ್ಟು? ಅದನ್ನು ಐದು ಕವಲುಗಳಿಗೆ ಹಂಚಿದರೆ ಒಂದೊಂದರ ಪಾಲೆಷ್ಟು?

2. ನಿಮ್ಮ ಬೋರ್ಡ್‌ನಲ್ಲಿ ಎರಡೇ ರ‍್ಯಾಮ್ ಸ್ಲಾಟ್ ಇವೆ. ಈಗ ಹಣ ಕಡಿಮೆ, ಮುಂದಿನ ವರ್ಷ ಹೆಚ್ಚಿಸುವ ಆಸೆ ಇದೆ. ಈಗ 8ರದು ಎರಡೋ, 16ರದು ಒಂದೋ? ಎರಡೂ ಕಡೆಯ ಕಾರಣಗಳನ್ನು ಬರೆಯಿರಿ.

3. ಶಾಲೆಯ ಅಥವಾ ಮನೆಯ ಹಳೆಯ ಕಂಪ್ಯೂಟರನ್ನು ಹಿರಿಯರ ಅನುಮತಿ ಪಡೆದು, ಪ್ಲಗ್ ಕಿತ್ತು, ತೆರೆದು ನೋಡಿ. ಬೋರ್ಡ್‌ನ ಮೇಲೆ ಮುದ್ರಿಸಿದ ಹೆಸರು, ರ‍್ಯಾಮ್ ಸ್ಲಾಟ್‌ಗಳ ಸಂಖ್ಯೆ, ವಿ.ಆರ್.ಎಂ. ಇರುವ ಜಾಗ ಇವನ್ನು ಗುರುತಿಸಿ ಚಿತ್ರ ಬರೆಯಿರಿ.